ಕಾಡಂಚಿನ ಹೊಲಕ್ಕೆ ಅರ್ಜಿ ಹಾಕುವ ಮುಂಚೆ

ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆಯೋದು ನನ್ನ ಕಸುಬು. ಜಗಳೂರು ಸೀಮೆಯ ಹಟ್ಟಿ, ತಾಂಡಾದವರು ಬಂದು ಕೂತ ಕೂಡಲೇ "ಅಣ್ಣಾ, ಬಗರ್‌ಹುಕುಂ ಫಾರಂ ತುಂಬಿಕೊಡು" ಅಂತಾರೆ. ಅಪ್ಪಣೆ ಇಲ್ಲದೆ ಉಳುತ್ತಿರೋ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅನ್ನೋ ಅರ್ಜಿ ಅದು. ನಾನು ಪೆನ್ನು ತೆಗೆಯಲ್ಲ, ಪಹಣಿ ಕೇಳ್ತೀನಿ. ಒಂಬತ್ತನೇ ಕಾಲಂನಲ್ಲಿ ಗೋಮಾಳ, ಸರ್ಕಾರಿ ಬೀಳು ಅಂತಿದ್ದರೆ ಒಂದು ದಾರಿ. ಅರಣ್ಯ ಅಂತಿದ್ದರೆ ಬೇರೆಯೇ ದಾರಿ.

ಬಗರ್‌ಹುಕುಂ ಬಾಗಿಲನ್ನು ಸರ್ಕಾರಗಳು ಆಗಾಗ ತೆಗೆದಿವೆ. 1991ರಲ್ಲಿ ನಮೂನೆ 50, ಆಮೇಲೆ 53, 2018ರಲ್ಲಿ 57. ಮೂರೂ ಕಂದಾಯ ಜಮೀನಿಗೆ ಮಾತ್ರ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನ ಜಾಗವನ್ನು ರಾಜ್ಯ ಸರ್ಕಾರ ತನ್ನಿಷ್ಟಕ್ಕೆ ಕೊಡೋ ಹಾಗಿಲ್ಲ. ಯಾವ ಪುಢಾರಿ ಭರವಸೆ ಕೊಟ್ಟರೂ ಅಷ್ಟೇ. ಕಾಡಿನ ಹೊಲಕ್ಕೆ ಇರೋದು 2006ರ ಅರಣ್ಯ ಹಕ್ಕು ಕಾಯ್ದೆ. ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯದಂಥ ಕಡೆಗೂ ಅದು ಅನ್ವಯಿಸುತ್ತೆ.

ಇಲ್ಲಿ ಜಾತಿ ಪ್ರಮಾಣಪತ್ರ ನೋಡಲೇಬೇಕು. ನಾಯಕ ಜನಾಂಗದವರು ಪರಿಶಿಷ್ಟ ಪಂಗಡ. ಕಾಡಲ್ಲಿ ವಾಸವಿದ್ದು, ಅದನ್ನೇ ನಂಬಿ ಬದುಕುತ್ತಾ, 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಹೊಲ ಸ್ವಾಧೀನದಲ್ಲಿದ್ದರೆ ಸಾಕು. ಲಂಬಾಣಿಗರು, ಕಾಡುಗೊಲ್ಲರು ನಮ್ಮಲ್ಲಿ ಆ ಪಟ್ಟಿಯಲ್ಲಿಲ್ಲ. ಅವರು ಇದರ ಜೊತೆಗೆ ಮೂರು ತಲೆಮಾರು, ಅಂದರೆ 75 ವರ್ಷದ ನೆಲೆ ತೋರಿಸಬೇಕು. ಲೆಕ್ಕ 1930ಕ್ಕೆ ಹೋಗಿ ನಿಲ್ಲುತ್ತೆ. ಕೇಳಿದವರು ಅಲ್ಲೇ ಎದ್ದು ಹೊರಡ್ತಾರೆ. ಕೂತ್ಕೊಳ್ರಿ. 75 ವರ್ಷ ಕೇಳೋದು ನಿಮ್ಮ ಮನೆತನ ಆ ಕಾಡನ್ನು ನಂಬಿ ಅಲ್ಲಿ ಬಾಳಿದ್ದಕ್ಕೆ, ಅದೇ ಹೊಲ ಉತ್ತಿದ್ದಕ್ಕಲ್ಲ.

ಪುರಾವೆ ಎರಡಾದರೂ ಬೇಕು. ರೇಷನ್ ಕಾರ್ಡ್, ವೋಟರ್ ಐಡಿ, ಮನೆ ಕಂದಾಯದ ರಶೀದಿ ಎಲ್ಲರೂ ತರ್ತಾರೆ. ನಾಚಿಕೆಪಟ್ಟು ಪೆಟ್ಟಿಗೆ ತಳದಲ್ಲಿ ಬಚ್ಚಿಡೋದು ಅರಣ್ಯ ಇಲಾಖೆಯವರು ಹಿಂದೆ ಹಾಕಿದ ಒತ್ತುವರಿ ಕೇಸಿನ ಕಾಗದ. ಅದನ್ನೇ ತನ್ನಿ! ಆ ತಾರೀಖಿಗೆ ನೀವು ಅಲ್ಲೇ ಇದ್ದಿರಿ ಅಂತ ಇಲಾಖೆಯೇ ಬರೆದುಕೊಟ್ಟ ಹಾಗೆ. ಅಜ್ಜನ ಸಮಾಧಿ, ಹಳೇ ಬಾವಿ, ದೇವರ ಗುಡಿ, ಹೊಲದ ಬದು ಇವೂ ನಡೆಯುತ್ತವೆ. ವಂಶವೃಕ್ಷ ಬರೆಸಿ. ಊರ ಹಿರಿಯರ ಹೇಳಿಕೆಯೂ ಪುರಾವೆಯೇ, ಆದರೆ ಅರ್ಜಿದಾರರೇ ಆ ಹಿರಿಯರಾಗಿರಬಾರದು. ಉಪಗ್ರಹ ಚಿತ್ರದಲ್ಲಿ ಹೊಲ ಕಾಣಲ್ಲ ಅಂತ ಯಾರಾದರೂ ಗದರಿಸಿದರೆ ಹೆದರಬೇಡಿ. ಅದು ಬೇರೆ ಪುರಾವೆಗೆ ಪೂರಕವೇ ಹೊರತು ಬದಲಿಯಲ್ಲ.

ಇನ್ನೊಂದು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಜಗಳೂರಿನವರ ಹಳೇ ಕಾಗದದಲ್ಲಿ ಚಿತ್ರದುರ್ಗ ಅಂತಲೂ, ಚನ್ನಗಿರಿಯವರದರಲ್ಲಿ ಶಿವಮೊಗ್ಗ ಅಂತಲೂ ಇರುತ್ತೆ. ತಪ್ಪು ದಾಖಲೆ ಅಂತ ಬಿಸಾಡಬೇಡಿ.

ಅರಣ್ಯ ಹಕ್ಕಿನ ಅರ್ಜಿ, ಅಂದರೆ ನಮೂನೆ 'ಎ', ತುಂಬಿ ಕೊಡಬೇಕಾದ್ದು ತಹಶೀಲ್ದಾರರಿಗಲ್ಲ, ಊರಿನ ಅರಣ್ಯ ಹಕ್ಕು ಸಮಿತಿಗೆ. ಸ್ವೀಕೃತಿ ಪಡೆಯದೆ ಮನೆಗೆ ಬರಬೇಡಿ. ಸಮಿತಿ ಸ್ಥಳ ನೋಡಿದ ಮೇಲೆ ಗ್ರಾಮ ಸಭೆ ಸೇರುತ್ತೆ. ಅರ್ಧದಷ್ಟು ಜನ ಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಶೇಂಗಾ ಕೀಳೋ ದಿನ ಸಭೆ ಇಟ್ಟರೆ ಯಾರು ಬರ್ತಾರೆ, ನೀವೇ ಹೇಳಿ. ನಡಾವಳಿಯ ನಕಲು ಇಟ್ಟುಕೊಳ್ಳಿ. ಅಲ್ಲಿಂದ ಕಡತ ಎಸಿ ಸಾಹೇಬರ (ಉಪವಿಭಾಗಾಧಿಕಾರಿ) ಸಮಿತಿಗೆ, ಕೊನೆಗೆ ಡಿಸಿ ಸಮಿತಿಗೆ.

ತಿರಸ್ಕಾರ ಆದರೆ ಕಾರಣ ಬರೆದ ಹಿಂಬರಹ ಕೇಳಿ. ಮೇಲ್ಮನವಿಗೆ 60 ದಿನ ಇದೆ. 2019ರ ಫೆಬ್ರವರಿ 13ರಂದು ಅರ್ಜಿ ತಿರಸ್ಕೃತವಾದವರನ್ನು ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿದಾಗ ಹಟ್ಟಿಗಳಲ್ಲಿ ಗಾಬರಿ ಎದ್ದಿತ್ತು. ಅದೇ ತಿಂಗಳ 28ಕ್ಕೆ ಆ ಆದೇಶಕ್ಕೆ ತಡೆ ಬಂತು. ಅರ್ಜಿಯ ಪರಿಶೀಲನೆ ಮುಗಿಯೋ ತನಕ ಒಕ್ಕಲೆಬ್ಬಿಸಬಾರದು ಅಂತ ಕಾಯ್ದೆಯ 4(5) ಹೇಳುತ್ತೆ. ಆ ಸೆಕ್ಷನ್ ಬರೆದ ಚೀಟಿ ಜೇಬಲ್ಲಿರಲಿ.

ಮಂಜೂರಾದರೆ ನಾಲ್ಕು ಹೆಕ್ಟೇರ್ ಮೀರದಂತೆ, ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಹಕ್ಕುಪತ್ರ ಬರುತ್ತೆ. ಮಕ್ಕಳಿಗೆ ಹೋಗುತ್ತೆ, ಮಾರೋ ಹಾಗಿಲ್ಲ. ಹಕ್ಕುಪತ್ರ ಬರೋ ಮುಂಚೆಯೇ ಅಡ್ವಾನ್ಸ್ ಹಿಡಿದುಕೊಂಡು ಬರೋರಿಗೆ ಅದನ್ನೇ ಹೇಳಿ ಕಳಿಸಿ.