ಕಲಬುರಗಿ ಬಿಸಿಲಿನಲ್ಲಿ ಪಿಟೀಲು ಮಾಡುವವರಿಗೆ

ನನ್ನ ಮೊದಲ ಪಿಟೀಲನ್ನು ಮಳೆಗಾಲದಲ್ಲಿ ಬಡಗಿಗಳು ಬಳಸುವ ಬಿಳಿ ಅಂಟು ಹಚ್ಚಿ ಮುಗಿಸಿದ್ದೆ. ಏಪ್ರಿಲ್ ಹೊತ್ತಿಗೆ ಮೇಲಿನ ಹಲಗೆ ಎಫ್ ಆಕಾರದ ತೂತಿನಿಂದ ಕೆಳಗಿನ ಅಂಚಿನವರೆಗೆ ಸೀಳಿತ್ತು. ಅಂಟು ಮಾತ್ರ ಜಪ್ಪಯ್ಯ ಅಂದರೂ ಬಿಟ್ಟಿರಲಿಲ್ಲ. ತಪ್ಪಾಗಿದ್ದೇ ಅಲ್ಲಿ. ಮಳೆಯಲ್ಲಿ ಮರ ಅಡ್ಡಕ್ಕೆ ಉಬ್ಬುತ್ತದೆ, ನಮ್ಮ ಬೇಸಿಗೆಯಲ್ಲಿ ಕುಗ್ಗುತ್ತದೆ, ಅಂಚು ಬಿಡದಿದ್ದರೆ ಹಲಗೆಯೇ ಸೀಳಬೇಕು, ಅಲ್ವಾ?

ಮೇಲಿನ ಹಲಗೆಗೆ ಸ್ಪ್ರೂಸ್ ಬೇಕು. ಹಿಂದಿನ ಹಲಗೆ, ಪಕ್ಕೆ, ಕತ್ತಿಗೆ ಮೇಪಲ್. ಎರಡನ್ನೂ ಹೊರಗಿಂದಲೇ ತರಿಸಬೇಕು. ತಂದ ಮರ ನಿಮ್ಮ ಮನೆಯಲ್ಲಿ ಒಂದು ಬೇಸಿಗೆಯಾದರೂ ಕಳೆಯಲಿ. ಕೂಲರ್ ಎದುರಿಗೆ ಮಾತ್ರ ಇಡಬೇಡಿ.

ಪಕ್ಕೆಯ ಪಟ್ಟಿ 1 ಮಿ.ಮೀ. ದಪ್ಪ ಇದ್ದರೆ ಸಾಕು. ಸ್ವಲ್ಪ ಒದ್ದೆ ಮಾಡಿ ಕಾದ ಕಬ್ಬಿಣದ ಕೊಳವೆಗೆ ಒತ್ತಿ ಬಗ್ಗಿಸಿ. ಕಾವು ಗೊತ್ತಾಗಬೇಕಾದರೆ ರೊಟ್ಟಿ ಹಂಚಿಗೆ ಮಾಡುವ ಹಾಗೆ ಒಂದು ಹನಿ ನೀರು ಬಿಡಿ, ಚುರ್ ಎಂದು ಹಾರಬೇಕು. ಪಟ್ಟಿಯ ಬೆನ್ನಿಗೆ ತೆಳು ತಗಡು ಕೊಡಿ, ಇಲ್ಲದಿದ್ದರೆ ಸೊಂಟದ ತಿರುವಿನಲ್ಲಿ ಪಟ್ ಅಂತ ಮುರಿಯುತ್ತದೆ. ಆರೂ ಪಕ್ಕೆ ಅಚ್ಚಿನ ಸುತ್ತ ಕೂತ ಮೇಲೆ ಅಂಚು ಸಮ ಮಾಡಲು ನಾನು ಮನೆಯ ಶಹಾಬಾದ್ ಕಲ್ಲಿನ ಮೇಲೆ ಉಜ್ಜುಕಾಗದ ಹಾಸಿ ತಿಕ್ಕಿದೆ. ಅಷ್ಟು ಸಪಾಟಾದ ಹಲಗೆ ನನ್ನ ಹತ್ತಿರ ಇರಲಿಲ್ಲ.

ಮೇಲಿನ ಹಲಗೆ ಸುಮಾರು 3 ಮಿ.ಮೀ. ಉಳಿಯುವಂತೆ ಕೆತ್ತಿ. ಹಿಂದಿನದು ನಡುವೆ 4.5, ಅಂಚಿನ ಕಡೆ 2.5. ಮೇಲಿನ ಹಲಗೆಯ ಒಳಗೆ, ಮಂದ್ರ ತಂತಿಯ ಕಡೆ, ಉದ್ದಕ್ಕೆ ಅಂಟಿಸುವ ಮರದ ಪಟ್ಟಿ, ಅಂದರೆ ಬಾಸ್ ಬಾರ್, ಮರೆಯಬೇಡಿ.

ಈಗ ಅಂಟು. ಚರ್ಮದಿಂದ ಮಾಡಿದ ಸರೇಸು ತನ್ನಿ. ರಾತ್ರಿ ತಣ್ಣೀರಲ್ಲಿ ನೆನೆಸಿ, ಬೆಳಿಗ್ಗೆ ಬಿಸಿ ನೀರಿನ ಪಾತ್ರೆಯೊಳಗೆ ಇನ್ನೊಂದು ಡಬ್ಬಿ ಇಟ್ಟು 60 ಡಿಗ್ರಿ ಆಸುಪಾಸಿನಲ್ಲಿ ಕರಗಿಸಿ. ಕುದಿಸಿದರೆ ಶಕ್ತಿ ಹೋಗುತ್ತದೆ. ತಣ್ಣಗಾದರೆ ಸರೇಸು ಗಟ್ಟಿಯಾಗುತ್ತದೆ, ಹಾಗಾಗಿ ಬಿಸಿ ಕೋಣೆಯಲ್ಲಿ ಕೈಯಾಡಿಸಲು ಜಾಸ್ತಿ ಹೊತ್ತು ಸಿಗುತ್ತದೆ, ಇಲ್ಲಿ ನಮ್ಮ ಬಿಸಿಲೇ ಅನುಕೂಲ. ಫ್ಯಾನ್ ಮಾತ್ರ ಆರಿಸಿ. ಹಿಂದಿನ ಹಲಗೆಗೆ ದಪ್ಪ ಸರೇಸು ಹಚ್ಚಿ. ಮೇಲಿನದಕ್ಕೆ ಬೇಕಂತಲೇ ನೀರು ಬೆರೆಸಿ ತೆಳುವಾಗಿ ಹಚ್ಚಿ, ಅದೂ ಮಾರ್ಚ್-ಏಪ್ರಿಲ್‌ನಲ್ಲಿ, ಮರ ಕುಗ್ಗಿ ಕೂತಿರುವಾಗ.

ಎರಡನೆಯ ಪಿಟೀಲಿಗೆ ತೆಳು ಸರೇಸನ್ನೇ ಹಚ್ಚಿದೆ, ಆದರೆ ಆತುರಕ್ಕೆ ಬಿದ್ದು ಮತ್ತೆ ಶ್ರಾವಣದಲ್ಲೇ ಅಂಟಿಸಿದೆ. ಮೇ ತಿಂಗಳಲ್ಲಿ ಅಂಚು ತಟ್ಟಿದಾಗ ಒಂದು ಕಡೆ ಝರ್ ಅಂದಿತು. ಎರಡು ಇಂಚು ಬಿಟ್ಟುಕೊಂಡಿತ್ತು, ಹಲಗೆಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ತೆಳು ಚಾಕುವಿನ ತುದಿಯಲ್ಲಿ ಬಿಸಿ ಸರೇಸು ಒಳಗೆ ತೂರಿಸಿ, ನಾಲ್ಕು ಕ್ಲ್ಯಾಂಪ್ ಬಿಗಿದು ಮಲಗಿದೆ. ಮರುದಿನ ಸಂಜೆ ತಂತಿ ಏರಿಸಿ ಶ್ರುತಿ ಮಾಡಿದೆ.