‘ಎಷ್ಟು ದಿನದಿಂದ?’ ಅಂತ ಕೇಳಿದ್ದೇ ನನ್ನ ತಪ್ಪು

ನಾನು ಸ್ತನ ಕ್ಯಾನ್ಸರ್ ಸರ್ಜನ್. ಡಾಕ್ಟರಿಕೆ ಓದಿದ್ದು ಮೈಸೂರಿನಲ್ಲಿ, ಈ ಕೆಲಸ ಕಲಿತದ್ದು ಮುಂಬೈಯಲ್ಲಿ. ವಾಪಸ್ ಬಂದು ಮೈಸೂರಿನಲ್ಲೇ ಉಳಿದೆ. ಗುರುವಾರ ಮಾತ್ರ ಮಂಡ್ಯದಲ್ಲಿ ಒಪಿಡಿ. ನನ್ನ ಸಂಶೋಧನೆ ಶುರುವಾಗಿದ್ದು ಆ ಗುರುವಾರಗಳಲ್ಲೇ.

ನಾನು ಹಿಡಿದದ್ದು ಸಣ್ಣ ಪ್ರಶ್ನೆ. ಸ್ತನದಲ್ಲಿ ಗಂಟು ಕೈಗೆ ಸಿಕ್ಕ ದಿನದಿಂದ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಎಷ್ಟು ತಡವಾಗುತ್ತದೆ? ಫಾರಂ ಮಾಡಿದೆ. ರೋಗಿಗಳ ಮೇಲಿನ ಅಧ್ಯಯನ ಸರಿಯೇ ಅಂತ ನೋಡುವ ಎಥಿಕ್ಸ್ ಕಮಿಟಿ ಒಪ್ಪಿತು. ಕಿರಿಯ ಡಾಕ್ಟರುಗಳು ತುಂಬಿಸತೊಡಗಿದರು. ಆರು ತಿಂಗಳಾದ ಮೇಲೆ ಕಟ್ಟು ಬಿಚ್ಚಿ ನೋಡಿದರೆ ಹಾಳೆ ಹಾಳೆಯಲ್ಲೂ ಒಂದೇ ಉತ್ತರ: ಮೂರು ತಿಂಗಳು. ಕಡಲೆಕಾಳಿನಷ್ಟು ಗಂಟಿಗೂ ಮೂರು ತಿಂಗಳು, ಚರ್ಮ ಒಡೆದು ಹುಣ್ಣಾದವರಿಗೂ ಮೂರು ತಿಂಗಳು! ತಡವಾಗಿ ಬಂದೆ ಅಂದರೆ ಡಾಕ್ಟರು ಬೈತಾರೆ, ಅಲ್ವಾ? ಅದಕ್ಕೇ ಒಂದು ಲೆಕ್ಕ ಹೇಳಿಬಿಡುತ್ತಿದ್ದರು. ಬೈಯುವವರಲ್ಲಿ ನಾನೂ ಇದ್ದೆ.

ಮುಂದಿನ ವಾರ ಮದ್ದೂರು ಕಡೆಯ ಒಬ್ಬ ಅಜ್ಜಿ ಬಂದರು. ಅವರದೂ ಮೂರು ತಿಂಗಳೇ. ಪೆನ್ನು ಕೆಳಗಿಟ್ಟು ಸುಮ್ನೆ ಹೊಲದ ಮಾತು ತೆಗೆದೆ.

“ಕಬ್ಬು ಕಡ್ಯೋ ಟೈಮಲ್ಲಿ ನೀರು ಹುಯ್ಕೊಳ್ಳುವಾಗ ಕೈಗೆ ಸಿಕ್ತು ಕಣವ್ವ. ನೋವಿದ್ದಿದ್ರೆ ಆಗ್ಲೇ ಬತ್ತಿದ್ದೆ.”

“ಯಾವ ಕಬ್ಬಮ್ಮ? ಹೋದ ವರ್ಷದ್ದಾ?”

“ಅಲ್ಲ, ಅದ್ರ ಹಿಂದ್ಲುದು. ಮಗಳ ಬಾಣಂತನಕ್ಕೂ ಮುಂಚೆ.”

ಆ ಬಾಣಂತನದ ಮಗು ಅಲ್ಲೇ ಬೆಂಚು ಹಿಡಿದುಕೊಂಡು ನಡೆದಾಡುತ್ತಿತ್ತು.

ಹಳೆಯ ಫಾರಂ ಕಸದ ಬುಟ್ಟಿಗೆ ಹೋಯಿತು. ಹೊಸದರಲ್ಲಿ ದಿನ, ತಿಂಗಳು ಕೇಳಲೇ ಇಲ್ಲ. ಸಂಕ್ರಾಂತಿ, ಮೇಲುಕೋಟೆ ವೈರಮುಡಿ, ಯುಗಾದಿ, ಭತ್ತದ ನಾಟಿ, ಗೌರಿ ಹಬ್ಬ, ಮಾರ್ನಮಿ ಅಂತ ಸಾಲಾಗಿ ಬರೆದೆವು. ಯಾವುದಕ್ಕೆ ಹತ್ತಿರ ಅಂತ ಅವರೇ ಹೇಳಲಿ, ತಾರೀಕು ಆಮೇಲೆ ನಾವು ಕ್ಯಾಲೆಂಡರ್ ನೋಡಿ ಹಾಕಿಕೊಳ್ಳೋಣ ಅಂತ. ಜೊತೆಗೆ ಇನ್ನೊಂದು ಪ್ರಶ್ನೆ: ಮೊದಲು ಯಾರಿಗೆ ಹೇಳಿದಿರಿ? ನಾನು ಕಂಡ ಮಟ್ಟಿಗೆ ಬಸ್ಸಿಗೆ, ದುಡ್ಡಿಗೆ ಆಗುವ ತಡಕ್ಕಿಂತ ಮನೆಯಲ್ಲಿ ಬಾಯಿಬಿಡಲು ಆಗುವ ತಡವೇ ಜಾಸ್ತಿ. ಶುರುವಿನಲ್ಲಿ ಈ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋಯದಿದ್ದನ್ನು ಹೇಳಿಕೊಳ್ಳುವುದು ಹೇಗೆ?

ಇದಕ್ಕೆಲ್ಲ ದುಬಾರಿ ಯಂತ್ರವೇ ಬೇಕು ಅಂತ ನಾನು ನಂಬುವುದಿಲ್ಲ. ಕ್ಯಾನ್ಸರ್ ಆಸ್ಪತ್ರೆಯಾದ ಟಾಟಾ ಮೆಮೋರಿಯಲ್‌ನವರು 1998ರಲ್ಲಿ ಮುಂಬೈಯ ಕೊಳೆಗೇರಿಗಳಲ್ಲಿ ಸುಮಾರು 1.5 ಲಕ್ಷ ಹೆಂಗಸರನ್ನು ಸೇರಿಸಿಕೊಂಡು ಒಂದು ಅಧ್ಯಯನ ಶುರು ಮಾಡಿದರು. ಅವರಲ್ಲಿ ಅರ್ಧದಷ್ಟು ಜನರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಪರೀಕ್ಷೆ ಮಾಡಿದರು. 2021ರಲ್ಲಿ ಫಲಿತಾಂಶ ಬಂತು. ಕಾಯಿಲೆ ಮುಂಚಿನ ಹಂತದಲ್ಲೇ ಸಿಕ್ಕಿತ್ತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಹತ್ತಿರಹತ್ತಿರ 30% ಕಡಿಮೆ. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಮಾತ್ರ ಅಷ್ಟು ಖಚಿತವಾಗಿ ಹೇಳಲಾಗದು. ಆದರೂ ನಮ್ಮ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡಲು ನನಗೆ ಅಷ್ಟು ಸಾಕಾಯಿತು.

ಸಂಶೋಧನೆ ಹೇಳಿದ್ದೆಲ್ಲ ಹಳ್ಳಿಯಲ್ಲಿ ನಡೆಯುತ್ತೆ ಅಂತಲೂ ಅಲ್ಲ. ಗಂಟು ಚಿಕ್ಕದಿದ್ದಾಗ ಅದನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೆ, ಇಡೀ ಸ್ತನ ತೆಗೆದಷ್ಟೇ ಆಯಸ್ಸು ಸಿಗುತ್ತದೆ. ಅಮೆರಿಕದ ಸರ್ಜನ್ ಬರ್ನಾರ್ಡ್ ಫಿಶರ್ 1976ರಲ್ಲಿ ಶುರು ಮಾಡಿದ ಅಧ್ಯಯನದ 20 ವರ್ಷದ ಫಲಿತಾಂಶ 2002ರಲ್ಲಿ ಬಂದಾಗಲೂ ಇದೇ ಮಾತು. ನಾನು ಉತ್ಸಾಹದಿಂದ ವಿವರಿಸುತ್ತೇನೆ. ಹಳ್ಳಿಯಿಂದ ಬಂದ ಹೆಂಗಸರು ಕೇಳಿ ಮುಗಿಸಿ, “ಮೂರು ವಾರ ದಿನಾ ಮೈಸೂರಿಗೆ ಬಂದ್ರೆ ಹಸು ಯಾರು ಕರೀತಾರೆ? ಪೂರ್ತಿ ತಗ್ದುಬಿಡಿ” ಅನ್ನುತ್ತಾರೆ. ಕೆಲವೊಮ್ಮೆ ಪೂರ್ತಿ ತೆಗೆದ ಮೇಲೂ ರೇಡಿಯೇಷನ್ ಬೇಕಾಗುತ್ತದೆ. ಅದನ್ನು ಹೇಳುವಾಗ ನನಗೇ ಮುಜುಗರ.

ಜಾಸ್ತಿ ಕಷ್ಟ ಇರುವುದು ಆಪರೇಷನ್ ಆದ ಮೇಲೆ. ಎಷ್ಟೋ ಜನ ಕಾಯಿಲೆ ಮರುಕಳಿಸದಿರಲಿ ಅಂತ ಟ್ಯಾಮಾಕ್ಸಿಫೆನ್ ಮಾತ್ರೆಯನ್ನು ಕನಿಷ್ಠ ಐದು ವರ್ಷ ದಿನಾ ನುಂಗಬೇಕು. ಅಷ್ಟೂ ವರ್ಷ ಅವರು ನಮ್ಮ ಲೆಕ್ಕದಿಂದ ತಪ್ಪಿಹೋಗಬಾರದು. ಫೋನ್ ಮಾಡಿದರೆ ಎತ್ತುವುದು ಮಗ, ಇಲ್ಲವೇ ಸೊಸೆ. ಕಾಯಿಲೆ ಏನು ಅಂತ ಮನೆಯವರಿಗೆ ಗೊತ್ತಾಗುವುದು ಕೆಲವರಿಗೆ ಬೇಡ. ಹಾಗಾಗಿ ಫಾರಂನ ಕೊನೆಯಲ್ಲಿ ‘ಯಾರು ಅಂತ ಹೇಳಿ ಫೋನ್ ಮಾಡಬೇಕು?’ ಅನ್ನೋ ಸಾಲು ಸೇರಿಸಿದೆವು. ಒಬ್ಬರು ‘ಬಿಪಿ ಡಾಕ್ಟ್ರು’ ಅಂತ ಬರೆಸಿದರು. ನಮ್ಮ ನರ್ಸ್ ಹಾಗೇ ಹೇಳಿ ಫೋನ್ ಮಾಡುತ್ತಾರೆ. ಹೋದ ಶನಿವಾರ ಆ ಕಡೆಯಿಂದ ಅವರೇ ಎತ್ತಿದರು.

“ಮಾತ್ರೆ ನುಂಗ್ತಾ ಇವ್ನಿ ಕಣವ್ವ. ಡೈರಿಗೆ ಹಾಲು ಹಾಕೋ ವತ್ತಾಯ್ತು, ಮಡಗ್ತೀನಿ.”