ಕೆಂಚಿ ನನಗೆ ಕೈ ಕೊಟ್ಟಿದ್ದು

ನಾಯಿಗೆ ಶೇಕ್‌ಹ್ಯಾಂಡ್ ಕಲಿಸಬೇಕು ಅನ್ನೋ ಆಸೆ ನನಗೆ ಯಾವತ್ತೂ ಇರಲಿಲ್ಲ. ಇದೆಲ್ಲ ಶುರುವಾಗಿದ್ದು ಕೆಸರಿನಿಂದ.

ನಮ್ಮ ಮನೆ ಹುಬ್ಬಳ್ಳಿಯಲ್ಲಿ, ಕೇಶ್ವಾಪುರ ದಾಟಿ ಕುಸುಗಲ್ ರಸ್ತೆಯ ಕಡೆ. ಹಿಂದೆ ಇನ್ನೂ ಸೈಟ್ ಆಗದ ಒಂದು ಹೊಲ ಇದೆ. ಎರಿ ಮಣ್ಣು. ಮಳೆಗಾಲದಲ್ಲಿ ಆ ಮಣ್ಣಿನ ಗುಣ ತುಳಿದವರಿಗೇ ಗೊತ್ತು. ಹತ್ತು ಹೆಜ್ಜೆ ನಡೆದರೆ ಚಪ್ಪಲಿ ಎರಡು ಪಟ್ಟು ಭಾರ ಆಗಿರುತ್ತದೆ. ನಾಯಿಯ ಪಾದಕ್ಕೆ ಮೆತ್ತಿದರೆ ಬೆರಳ ಸಂದಿಯಲ್ಲಿ ಗೋಲಿ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಒಣಗಿದ ಮೇಲೆ ಕೂದಲನ್ನೂ ಜಗ್ಗುತ್ತದೆ. ಅದರ ಜೊತೆ ಜಾಲಿ ಮುಳ್ಳು, ಉಣ್ಣಿ.

ಕೆಂಚಿ ಓಣಿಯ ನಾಯಿ. ಮರಿ ಇದ್ದಾಗ ನಮ್ಮ ಗೇಟಿನ ಕೆಳಗೆ ತೂರಿ ಬಂದಿತ್ತು, ಹೋಗಲಿಲ್ಲ. ಹೊಲದಲ್ಲಿ ಅಡ್ಡಾಡಿ ಬಂದು ಸೀದಾ ಒಳಗೆ ನುಗ್ಗುತ್ತಿತ್ತು. ಒಂದು ದಿನ ಅವ್ವ ಬಾಗಿಲಲ್ಲೇ ಕಸಬರಿಗೆ ಅಡ್ಡ ಹಿಡಿದು ನಿಂತಳು.

"ಒಳಗ ಬರೂದಿದ್ರ ಕಾಲ್ ತೊಳಕೊಂಡ ಬರ್ಲಿ. ನಿಮ್ಮಪ್ಪಗೂ ಇದನ್ನ ಹೇಳ್ತಿದ್ದೆ."

ಕಾಲು ತೊಳೆಯಬೇಕು ಅಂದರೆ ನಾಯಿ ಕಾಲು ಕೊಡಬೇಕು ಅಲ್ವಾ? ಅಲ್ಲಿಂದ ನನ್ನ ಪಾಠ ಶುರು.

ಮೊದಲ ಹತ್ತು ದಿನ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಎದುರಿಗೆ ಕುಕ್ಕರಗಾಲಲ್ಲಿ ಕೂತು, "ಕೈ ಕೊಡು, ಕೈ ಕೊಡು" ಅನ್ನುತ್ತಾ ಅದರ ಮುಂಗಾಲನ್ನು ನಾನೇ ಎತ್ತುತ್ತಿದ್ದೆ. ಎತ್ತಿ, ಅಲ್ಲಾಡಿಸಿ, ಒಂದು ಬಿಸ್ಕತ್ತು. ಮೊದಲು ಕೆಂಚಿ ಸುಮ್ನೆ ಎತ್ತಿಸಿಕೊಂಡಿತು. ನಾಲ್ಕನೇ ದಿನ ಕಾಲು ಹಿಂದಕ್ಕೆ ಎಳೆದುಕೊಳ್ಳಲು ಶುರು ಮಾಡಿತು. ಆಮೇಲೆ ಆ ಕಾಲಿನ ಮೇಲೇ ಭಾರ ಹಾಕಿ ಗೂಟ ನೆಟ್ಟ ಹಾಗೆ ನಿಲ್ಲುತ್ತಿತ್ತು. ನಾನು ಕೂರುವುದು ಕಂಡರೆ ಮುಖ ಆ ಕಡೆ ತಿರುಗಿಸಿ ಆಕಳಿಸುತ್ತಿತ್ತು, ತುಟಿ ನೆಕ್ಕಿಕೊಳ್ಳುತ್ತಿತ್ತು. ನಿದ್ದೆ ಬಂದಿರಬೇಕು ಅಂದುಕೊಂಡೆ. ನಾಯಿ ಹಾಗೆ ಮಾಡುವುದು ಇಕ್ಕಟ್ಟಿಗೆ ಸಿಕ್ಕಾಗ ಅಂತ ಆಮೇಲೆ ಗೊತ್ತಾಯಿತು. ಹತ್ತನೇ ದಿನ ಹೊಲಿಗೆ ಮಷೀನಿನ ಕೆಳಗೆ ಹೋಗಿ ಮಲಗಿತು, ಕರೆದರೂ ಬರಲಿಲ್ಲ. ಕೈ ಕೊಡು ಅಂದರೆ ಅದು ನನಗೆ ನಿಜವಾಗಿಯೂ ಕೈ ಕೊಟ್ಟಿತ್ತು.

ಪಕ್ಕದ ಮನೆಯ ಕಾಕಾ ಕಾಂಪೌಂಡಿನ ಆಚೆಯಿಂದ ನೋಡಿ ನಗುತ್ತಿದ್ದರು. "ಮುಧೋಳ ನಾಯಿ ಇದ್ರ ಮಾತ ಬ್ಯಾರೆ ಇತ್ತು ನೋಡವಾ. ಓಣ್ಯಾಗಿನ ನಾಯಿ ಏನ್ ಕಲೀತಾವ?" ಮುಧೋಳ ನಾಯಿಯ ಹೆಮ್ಮೆ ನಮಗೆಲ್ಲ ಇದ್ದದ್ದೇ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದಿತ್ತು. ಆದರೆ ಅದು ಕಣ್ಣಿಗೆ ಬಿದ್ದ ಬೇಟೆಯ ಹಿಂದೆ ಓಡಲು ಬೆಳೆಸಿದ ತಳಿ. ಕೈ ಕೊಡುವುದರಲ್ಲಿ ಅದಕ್ಕೂ ಕೆಂಚಿಗೂ ಏನೂ ಫರಕು ಇಲ್ಲ. ಕಾಕಾಗೆ ಇದನ್ನು ಹೇಳಲಿಲ್ಲ, ಅವರು ಒಪ್ಪುವ ಪೈಕಿ ಅಲ್ಲ.

ಲಸಿಕೆ ಹಾಕಿಸಲು ಹೋದಾಗ ಡಾಕ್ಟರಿಗೆ ಈ ಕಥೆ ಹೇಳಿದೆ. ಅವರು ಕೆಂಚಿಯ ಭುಜ ಮುಟ್ಟಿ ತೋರಿಸಿದರು. ನಮಗೆ ಕತ್ತಿನ ಕೆಳಗೆ ಅಡ್ಡಕ್ಕೆ ಇರುವ ಕಾಲರ್ ಬೋನ್ ನಾಯಿಗೆ ಹೆಸರಿಗಷ್ಟೇ ಇರುತ್ತದಂತೆ. ಮುಂಗಾಲುಗಳು ಮೈಗೆ ಕೂಡಿಕೊಂಡಿರುವುದು ಮಾಂಸಖಂಡಗಳ ಬಲದಿಂದಲೇ. ಮುಂದಕ್ಕೆ ಹಿಂದಕ್ಕೆ ಓಡಲು ಅದು ಅನುಕೂಲ. ಆದರೆ ಅಡ್ಡಕ್ಕೆ ಜಗ್ಗಿದರೆ, ಎತ್ತರಕ್ಕೆ ಎತ್ತಿದರೆ ನೋವಾಗುತ್ತದೆ. ಮೈಭಾರದ ನೂರರಲ್ಲಿ ಅರವತ್ತು ಪಾಲು ಮುಂಗಾಲ ಮೇಲೇ ಇರುತ್ತದೆ. ಅಂಥ ಕಾಲನ್ನು ನಾನು ಒಮ್ಮೆಲೇ ಎತ್ತುತ್ತಿದ್ದೆ. ಅದು ಗೂಟದ ಹಾಗೆ ನಿಂತಿದ್ದರಲ್ಲಿ ತಪ್ಪೇನಿತ್ತು?

ಒಂದು ವಾರ ಪಾಠ ಬಂದ್ ಮಾಡಿದೆ. ಆಮೇಲೆ ಮೊದಲಿನಿಂದ.

ಮೊದಲು ಬೇಕಾಗಿದ್ದು ಒಂದು ಸದ್ದು. ನಾಯಿ ಸರಿಯಾದ ಕೆಲಸ ಮಾಡಿದ ಕ್ಷಣದಲ್ಲೇ "ಇದೇ" ಅಂತ ತಿಳಿಸುವ ಸದ್ದು. ತಿನಿಸು ಕೊಡುವಷ್ಟರಲ್ಲಿ ಎರಡು ಸೆಕೆಂಡು ಕಳೆದಿರುತ್ತದೆ, ಅಷ್ಟರಲ್ಲಿ ಅದು ಬೇರೇನೋ ಮಾಡಿರುತ್ತದೆ. ಇದಕ್ಕೆ ಕ್ಲಿಕ್ಕರ್ ಅಂತ ಸಣ್ಣ ಡಬ್ಬಿ ಸಿಗುತ್ತದೆ. ನಾನು ಕೊಳ್ಳಲಿಲ್ಲ. ಅಪ್ಪ ಎತ್ತು ಹೂಡಿದಾಗ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ "ಟಕ್" ಅನ್ನಿಸುತ್ತಿದ್ದ. ಆ ಸದ್ದು ನನಗೂ ಬರುತ್ತದೆ, ಎರಡೂ ಕೈ ಖಾಲಿ ಇರುತ್ತವೆ. ಎರಡು ದಿನ ಬೇರೇನೂ ಕೇಳಲಿಲ್ಲ. ಟಕ್ ಅಂದು ಒಂದು ಚೂರು, ಟಕ್ ಅಂದು ಒಂದು ಚೂರು. ಮೂರನೇ ದಿನ ಟಕ್ ಅಂದರೆ ಸಾಕು, ಕಿವಿ ನಿಮಿರಿಸಿ ನನ್ನ ಕೈ ನೋಡುತ್ತಿತ್ತು.

ತಿನಿಸಿನ ವಿಷಯಕ್ಕೆ ಬಂದರೆ, ಎಲ್ಲರೂ ಕೋಳಿ ಬೇಯಿಸಿ ಕೊಡಿ ಅಂದರು. ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ. ಕಟಕ ರೊಟ್ಟಿ ಮುರಿದು ಕೊಟ್ಟು ನೋಡಿದೆ. ಕಟಂ ಕುಟುಂ ಅಂತ ಅಗಿದು, ನೆಲಕ್ಕೆ ಬಿದ್ದ ಪುಡಿಯನ್ನೂ ಹುಡುಕಿ ತಿನ್ನುವಷ್ಟರಲ್ಲಿ ಪಾಠ ಮರೆತುಹೋಗುತ್ತಿತ್ತು. ಕೊನೆಗೆ ಉಪ್ಪಿಲ್ಲದ ಪನೀರು, ಕಡಲೆಕಾಳಿನಷ್ಟು ಚೂರು. ಅದು ಮುಗಿದರೆ ಗಜ್ಜರಿ. ತಂಗಿಯ ಮಗ ಒಮ್ಮೆ ಪೇಡೆ ಕೊಟ್ಟುಬಿಟ್ಟ. ಆವತ್ತು ಕೆಂಚಿ ನನ್ನ ಕಡೆ ನೋಡಲೇ ಇಲ್ಲ. ಅಷ್ಟು ಸಕ್ಕರೆ ನಾಯಿಗೆ ಒಳ್ಳೆಯದೂ ಅಲ್ಲ. ಒಣದ್ರಾಕ್ಷಿ, ಚಾಕೊಲೇಟು, ಉಳ್ಳಾಗಡ್ಡಿ ಇರುವುದನ್ನಂತೂ ಕೊಡಲೇಬೇಡಿ, ಅವು ನಾಯಿಗೆ ವಿಷ.

ಇನ್ನು ಪಾಠ. ಬಲಗೈಯಲ್ಲಿ ಪನೀರು ಇಟ್ಟು ಮುಷ್ಟಿ ಮುಚ್ಚಿದೆ. ಮುಷ್ಟಿಯನ್ನು ಕೆಂಚಿಯ ಎದೆಗಿಂತ ಸ್ವಲ್ಪ ಕೆಳಗೆ ಹಿಡಿದೆ. ಬಾಯಿ ಮುಚ್ಚಿಕೊಂಡು ಕೂತೆ. ಇದೇ ಎಲ್ಲಕ್ಕಿಂತ ಕಷ್ಟ. ಕೆಂಚಿ ಮೂಸಿತು, ನೆಕ್ಕಿತು, ಮೂತಿಯಿಂದ ತಳ್ಳಿತು. ಹಿಂದೆ ಸರಿದು ನನ್ನ ಮುಖ ನೋಡಿತು, ಒಂದು ಸಣ್ಣ ಕುಂಯ್ ಅಂದಿತು. ನಾನು ಅಲ್ಲಾಡಲಿಲ್ಲ. ಎರಡು ಮೂರು ನಿಮಿಷ ಆಗಿರಬೇಕು. ಎಡಗಾಲು ನೆಲದಿಂದ ಒಂದು ಇಂಚು ಎದ್ದಿತು, ಅಷ್ಟೇ. ಟಕ್! ಎಡಗೈಯಿಂದ ಪನೀರು ಕೊಟ್ಟೆ. ಮುಷ್ಟಿಯಲ್ಲಿ ಇರುವುದನ್ನು ಕೊಡಬಾರದು. ಕೊಟ್ಟರೆ ಕೆರೆದು ಕಿತ್ತುಕೊಳ್ಳುವುದನ್ನು ಕಲಿಯುತ್ತದೆ. ಮರುದಿನ ಅದೇ ಎಡಗಾಲು ಮುಷ್ಟಿಯ ಮೇಲೆ ಬಂದು ಕೂತಿತು. ಯಾರೂ ಎತ್ತಿರಲಿಲ್ಲ.

ಮೂರು ದಿನ ಮುಷ್ಟಿ, ಆಮೇಲೆ ಬಿಚ್ಚಿದ ಅಂಗೈ. ಹತ್ತರಲ್ಲಿ ಎಂಟು ಸಲ ತಾನಾಗಿ ಬರಲು ಶುರುವಾದ ಮೇಲೆಯೇ "ಕೈ ಕೊಡು" ಅನ್ನುವ ಮಾತು ಸೇರಿಸಿದ್ದು. ಮಾತು ಮೊದಲು, ಆಮೇಲೆ ಅಂಗೈ. ಒಂದೇ ಸಲ ಹೇಳಬೇಕು. ಒಂದು ಪಾಠ ಐದು ನಿಮಿಷ ದಾಟಿಸಲಿಲ್ಲ. ಬೆಳಿಗ್ಗೆ ಒಂದು, ಸಂಜೆ ಊಟಕ್ಕೆ ಮೊದಲು ಒಂದು. ನಮ್ಮ ಫರಸಿ ನುಣುಪು, ಮೂರು ಕಾಲಲ್ಲಿ ನಿಂತ ನಾಯಿ ಜಾರುತ್ತದೆ. ಅದಕ್ಕೆ ಕೆಳಗೆ ಗೋಣಿಚೀಲ ಹಾಸಿದ್ದೆ.

ಬಲಗೈ ಬೇರೆ ಕಥೆ. ಮನುಷ್ಯರ ಹಾಗೆ ನಾಯಿಗೂ ಒಂದು ಕೈ ಮುಂದು. ಕೆಂಚಿ ಎಡಚ. ಬಲಗಾಲಿನ ಎದುರು ಅಂಗೈ ಇಟ್ಟರೂ ಎಡಗಾಲನ್ನೇ ಅಡ್ಡ ಹಾಕಿ ಕೊಡುತ್ತಿತ್ತು. ಆಗ ಭಾರದ ಮಾತು ನೆನಪಾಯಿತು. ಒಂದು ಚೂರು ಪನೀರನ್ನು ಮೂಗಿನ ಹತ್ತಿರ ಹಿಡಿದು ನಿಧಾನಕ್ಕೆ ಅದರ ಎಡಕ್ಕೆ ಒಯ್ದೆ. ತಲೆ ಎಡಕ್ಕೆ ಹೋಯಿತು, ಭಾರವೂ ಎಡಗಾಲಿಗೆ ಹೋಯಿತು. ಬಲಗಾಲು ತಾನಾಗಿ ಹಗುರಾಗಿ ಎದ್ದಿತು. ಟಕ್. ಇದಕ್ಕೆ "ಇನ್ನೊಂದು" ಅಂತ ಹೆಸರಿಟ್ಟೆ.

ಆದರೆ ಕೊಡುವುದು ಬೇರೆ, ಕೊಟ್ಟು ನಿಲ್ಲುವುದು ಬೇರೆ. ನನಗೆ ಬೇಕಾಗಿದ್ದು ಎರಡನೆಯದು. ಒಂದು ಸೆಕೆಂಡು ಅಂಗೈ ಮೇಲೆ ಇದ್ದರೆ ಟಕ್. ಮರುದಿನ ಎರಡು ಸೆಕೆಂಡು. ಆಮೇಲೆ ಹೆಬ್ಬೆರಳು ಮೇಲಿಟ್ಟರೆ ಟಕ್. ಆಮೇಲೆ ಒಣ ಅರಿವೆ ತಾಗಿಸಿದರೆ, ಹಸಿ ಅರಿವೆ ತಾಗಿಸಿದರೆ, ಬೆರಳ ಸಂದಿ ಬಿಡಿಸಿದರೆ. ಎಳೆದುಕೊಂಡರೆ ಬಿಟ್ಟುಬಿಡುತ್ತಿದ್ದೆ. ಹಿಡಿದಿಟ್ಟುಕೊಳ್ಳಲಿಲ್ಲ. ಬಿಡುತ್ತಾಳೆ ಅಂತ ಗೊತ್ತಾದ ಮೇಲೆ ಎಳೆದುಕೊಳ್ಳುವುದೇ ಕಡಿಮೆ ಆಯಿತು. ಇದಕ್ಕೆ ಮೂರು ವಾರ ಹಿಡಿಯಿತು. ನಡುವೆ ಒಂದು ಸಲ ಕೆಸರು ಹೆಚ್ಚಾಗಿದೆ ಅಂತ ಗಡಿಬಿಡಿಯಲ್ಲಿ ಬಕೆಟ್ಟಿನಲ್ಲಿ ಕಾಲು ಅದ್ದಿದೆ, ನಾಲ್ಕು ದಿನದ ಪಾಠ ನೀರುಪಾಲು.

ಬಾಕಿ ಆಟಗಳು ಇದರ ಹಿಂದೆ ಸುಲಭವಾಗಿ ಬಂದವು. ಅಂಗೈಯನ್ನು ಅದರ ಕಡೆ ನಿಲ್ಲಿಸಿ ತೋರಿಸಿದರೆ ಹೈ-ಫೈವ್. ಕಾಲು ಇನ್ನೇನು ತಾಗಬೇಕು ಅನ್ನುವಾಗ ಅಂಗೈ ನಾಲ್ಕು ಬೆರಳು ಹಿಂದಕ್ಕೆ ತೆಗೆದರೆ ಗಾಳಿಯಲ್ಲಿ ಕಾಲು ಆಡಿಸುತ್ತದೆ, ಅದೇ ಟಾಟಾ. ಕುರ್ಚಿಯ ಅಂಚಿನ ಮೇಲೆ ಎರಡೂ ಕಾಲು ಇಟ್ಟು ತಲೆ ತಗ್ಗಿಸಿದರೆ ನಮಸ್ಕಾರ. ಅವ್ವ ಅದನ್ನು ನೋಡಿ, "ನೋಡ, ನಿನಗಿಂತ ಅದಕ್ಕ ಭಕ್ತಿ ಜಾಸ್ತಿ" ಅಂದಳು. ಮೂತಿಗೆ ಟೇಪು ಅಂಟಿಸಿ, ನಾಯಿ ಅದನ್ನು ಕೆರೆದುಕೊಳ್ಳುವಾಗ "ನಾಚಿಕೊಂಡಿತು" ಅನ್ನಿಸುವ ಆಟ ಒಂದಿದೆ. ಒಮ್ಮೆ ಮಾಡಿದೆ. ಟೇಪಿನ ಜೊತೆ ಎರಡು ಕೂದಲು ಕಿತ್ತು ಬಂದವು. ಮತ್ತೆ ಮಾಡಲಿಲ್ಲ. ಹಿಂಗಾಲ ಮೇಲೆ ಕೂತು ಎರಡೂ ಮುಂಗಾಲು ಎತ್ತುವುದನ್ನು ಮರಿಗಳಿಗೆ, ಮುದಿ ನಾಯಿಗಳಿಗೆ, ಬೆನ್ನು ಉದ್ದ ಇರುವ ಡ್ಯಾಶಂಡಿನಂಥವಕ್ಕೆ ಕಲಿಸಲೇಬೇಡಿ.

ತಂಗಿಯ ಮಗನಿಗೆ ಟಾಟಾ ಹುಚ್ಚು ಹಿಡಿಯಿತು. "ದೊಡ್ಡವ್ವಾ, ಇನ್ನೊಮ್ಮೆ" ಅನ್ನುತ್ತಾ ಮುಖವನ್ನು ತೀರಾ ಹತ್ತಿರ ಒಯ್ದ, ಉಗುರು ಗಲ್ಲಕ್ಕೆ ತಾಗಿ ಗೀರಿತು. ನಲ್ಲಿಯ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆದೆವು. ಕೆಂಚಿಗೆ ರೇಬೀಸ್ ಲಸಿಕೆ ಆಗಿತ್ತು, ಆದರೂ ಆವತ್ತೇ ಡಾಕ್ಟರಿಗೆ ತೋರಿಸಿದೆವು. ಗೀರು ಸಣ್ಣದು ಅಂತ ಬಿಡುವ ವಿಷಯ ಅಲ್ಲ ಇದು. ಆಮೇಲೆ ಮಕ್ಕಳು ಟಾಟಾ ಮಾಡಿಸುವುದಾದರೆ ನಿಂತುಕೊಂಡು ಮಾತ್ರ ಅಂತ ನಿಯಮ ಆಯಿತು.

ದೊಡ್ಡ ಪಜೀತಿ ಬಂದಿದ್ದು ಬೇರೆ ಕಡೆಯಿಂದ. ಕೈ ಕೊಟ್ಟರೆ ಪನೀರು ಅಂತ ಗೊತ್ತಾದ ನಾಯಿ ಹೊತ್ತಿಲ್ಲ ಗೊತ್ತಿಲ್ಲ ಕೈ ಕೊಡಲು ಶುರು ಮಾಡಿತು. ಉಣ್ಣುವಾಗ ತೊಡೆ ಮೇಲೆ, ಫೋನಿನಲ್ಲಿ ಮಾತಾಡುವಾಗ ಮೊಣಕೈ ಮೇಲೆ. ನಾನು ಮನೆಯಲ್ಲೇ ಜಂಪರ್ ಹೊಲಿಯುವವಳು. ಒಬ್ಬರು ಗುಳೇದಗುಡ್ಡದ ಖಣ ಕೊಟ್ಟಿದ್ದರು. ಮಡಿಲಲ್ಲಿ ಇಟ್ಟುಕೊಂಡು ಹೆಮ್ಮಿಂಗ್ ಮಾಡುವಾಗ ಕೆಂಚಿ ಬಂದು ಪಾದ ಇಟ್ಟಿತು. ಉಗುರಿಗೆ ನೂಲು ಸಿಕ್ಕಿ ಖಣದ ಮೇಲೆ ಉದ್ದಕ್ಕೆ ಒಂದು ಎಳೆ ಎದ್ದಿತು. ಹೊಸ ಖಣ ತಂದುಕೊಟ್ಟೆ, ಹೊಲಿದ ಕೂಲಿಯೂ ಹೋಯಿತು. ಆವತ್ತಿನಿಂದ ಕೇಳದೆ ಕೊಟ್ಟ ಕೈಗೆ ಪನೀರಿಲ್ಲ, ಮಾತಿಲ್ಲ, ಬೈಗುಳವೂ ಇಲ್ಲ. ಎದ್ದು ಆ ಕಡೆ ಹೋಗುವುದು, ಅಷ್ಟೇ. ಮೊದಲ ಮೂರು ದಿನ ಅದರ ಕಾಟ ಇಮ್ಮಡಿ ಆಯಿತು. ಅಲ್ಲಿ ಸೋತು ಒಂದು ಚೂರು ಕೊಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ವಾರದಲ್ಲಿ ನಿಂತಿತು.

ಆ ಉಗುರಿನ ವಿಚಾರ ಮಾತ್ರ ತಲೆಯಲ್ಲೇ ಉಳಿಯಿತು. ಮೆತ್ತನೆ ಮಣ್ಣಿನಲ್ಲಿ ತಿರುಗುವ ನಾಯಿಯ ಉಗುರು ಸವೆಯುವುದಿಲ್ಲ. ಕೆಂಚಿಯ ಉಗುರು ಕಪ್ಪು. ಒಳಗಿನ ನೆತ್ತರ ನರ ಎಲ್ಲಿದೆ ಅಂತ ಕಾಣುವುದಿಲ್ಲ. ಕತ್ತರಿಸಲು ನನಗೆ ಧೈರ್ಯ ಇರಲಿಲ್ಲ.

ದಾರಿ ಸಿಕ್ಕಿದ್ದು ಒಂದು ಸೋಲಿನಿಂದ. ಚಾಪೆಯ ಮೇಲೆ ಮುಂಗಾಲು ಇಟ್ಟು ನಿಲ್ಲುವುದನ್ನು ಕಲಿಸಬೇಕು ಅಂತ ಅವ್ವನ ನವಲಗುಂದ ಜಮಖಾನವನ್ನು ಮಡಚಿ ಹಾಸಿದ್ದೆ. ಬುದ್ಧಿ ಇರಲಿಲ್ಲ ನನಗೆ. ಎರಡು ದಿನ ಚೆನ್ನಾಗಿ ನಿಂತಿತು. ಮೂರನೇ ದಿನ ಕಾಲು ಇಟ್ಟದ್ದೇ ತಡ, ಪರಪರ ಅಂತ ಕೆರೆಯತೊಡಗಿತು, ಬೇಸಿಗೆಯಲ್ಲಿ ತಂಪಿಗೆ ಅಂತ ಹೊಲದಲ್ಲಿ ಕುಣಿ ತೋಡುತ್ತದಲ್ಲ, ಹಾಗೆ. ಜಮಖಾನದ ನವಿಲಿನ ಬಾಲ ಹೋಯಿತು. ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಇದೇ ಥರದ ಒಂದು ಕಥೆ ಪ್ರಾಣಿ ತರಬೇತಿಯ ಚರಿತ್ರೆಯಲ್ಲೇ ಇದೆ. ಕೆಲ್ಲರ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ಅನ್ನೋ ಅಮೆರಿಕದ ದಂಪತಿ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರ ಶಿಷ್ಯರು. ಅವರು ರಕೂನ್ ಅನ್ನೋ ಪ್ರಾಣಿಗೆ ನಾಣ್ಯವನ್ನು ಡಬ್ಬಿಗೆ ಹಾಕಲು ಕಲಿಸಿದರು. ಒಂದು ನಾಣ್ಯ ಇದ್ದಾಗ ಹೇಗೋ ನಡೆಯಿತು. ಎರಡು ಕೊಟ್ಟಾಗ ಡಬ್ಬಿಗೆ ಹಾಕುವ ಬದಲು ಮುಂಗಾಲಲ್ಲಿ ಹಿಡಿದು ಒಂದಕ್ಕೊಂದು ತಿಕ್ಕುತ್ತಾ ಕೂತಿತಂತೆ. ರಕೂನು ತಿನ್ನುವ ವಸ್ತುವನ್ನು ಹಾಗೆ ತಿಕ್ಕಿ ಉಜ್ಜುವುದು ಅದರ ಹುಟ್ಟುಗುಣ. 1961ರಲ್ಲಿ ಅವರು ಇಂಥ ಸೋಲುಗಳನ್ನೆಲ್ಲ ಬರೆದು ಪ್ರಕಟಿಸಿದರು. ಅವ್ವನಿಗೆ ಇದನ್ನು ಹೇಳಿದೆ. ಜಮಖಾನದ ಸಿಟ್ಟು ಇಳಿಯಲಿಲ್ಲ.

ಕೆರೆಯುವುದು ಬಿಡದಿದ್ದರೆ ಕೆರೆಯಲಿ, ಕೆರೆಯುವ ಜಾಗ ಬದಲಿಸೋಣ ಅನ್ನಿಸಿತು. ಎರಡು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆ. ಹಾರ್ಡ್‌ವೇರ್ ಅಂಗಡಿಯಿಂದ 80 ನಂಬರಿನ ಪಾಲಿಶ್ ಪೇಪರ್ ತಂದು ಫೆವಿಕಾಲ್ ಹಾಕಿ ಅಂಟಿಸಿದೆ. ಹಲಗೆಯನ್ನು ನನ್ನ ಮೊಣಕಾಲಿಗೆ ಓರೆಯಾಗಿ ಆನಿಸಿಕೊಂಡು, ಮೇಲೆ ಅರಿವೆ ಹೊದಿಸಿ, ಅರಿವೆಯ ಕೆಳಗೆ ಪನೀರಿನ ಚೂರು ಇಟ್ಟೆ. ಕೆಂಚಿ ಮೂಸಿತು, ಕೆರೆಯಿತು. ಟಕ್. ನಾಲ್ಕನೇ ದಿನ ಅರಿವೆ ತೆಗೆದೆ. ಪರ್ ಪರ್ ಅಂತ ಉಗುರು ಪೇಪರಿನ ಮೇಲೆ ಓಡಿತು. ಬಿಳಿ ಪುಡಿ ಬಿತ್ತು. ನಾನು ನಕ್ಕುಬಿಟ್ಟೆ.

ಈಗ ವಾರಕ್ಕೆ ಎರಡು ಸಲ, ಒಂದೊಂದು ಕಾಲಿಗೆ ಎಂಟು ಹತ್ತು ಸಲ, ಅಷ್ಟೇ. ಜಾಸ್ತಿ ಮಾಡಿಸಿದರೆ ಪಾದದ ಮೆತ್ತೆ ತಿಕ್ಕಿ ಗಾಯ ಆಗುತ್ತದೆ. ಪ್ರತಿ ಸಲ ಅಂಗಾಲು ತಿರುಗಿಸಿ ನೋಡುತ್ತೇನೆ. ನೋಡಲು ಕೈ ಕೊಡುತ್ತದೆ, ಅದಕ್ಕೇ ತಾನೇ ಇಷ್ಟೆಲ್ಲ ಕಲಿಸಿದ್ದು. ಹೋದ ಶ್ರಾವಣದಲ್ಲಿ ಹಾಗೆ ನೋಡುವಾಗಲೇ ಬೆರಳ ಸಂದಿಯಲ್ಲಿ ಮುರಿದ ಜಾಲಿ ಮುಳ್ಳು ಸಿಕ್ಕಿತು. ಕೆಂಚಿ ಇನ್ನೂ ಕುಂಟಲು ಶುರು ಮಾಡಿರಲಿಲ್ಲ.

ಒಳಗಡೆ ಮೇಲಕ್ಕೆ ಇರುವ ಐದನೇ ಉಗುರು ಮಾತ್ರ ಹಲಗೆಗೆ ತಾಗುವುದಿಲ್ಲ. ಬಿಟ್ಟರೆ ಸುತ್ತಿಕೊಂಡು ಚರ್ಮಕ್ಕೇ ಚುಚ್ಚುತ್ತದೆ. ಅದನ್ನು ಕತ್ತರಿಸಲು ಈಗಲೂ ಡಾಕ್ಟರ ಹತ್ತಿರ ಹೋಗುತ್ತೇವೆ. ಮೇಜಿನ ಮೇಲೆ ನಿಲ್ಲಿಸಿದ ಕೂಡಲೇ ಕೆಂಚಿ ಯಾರೂ ಕೇಳದೆ ಎಡಗೈ ಚಾಚುತ್ತದೆ. ಡಾಕ್ಟರ್ ಬಲಗೈ ಕಡೆ ನಿಂತಿರುತ್ತಾರೆ. ಪನೀರಿನ ಡಬ್ಬಿ ಹಿಡಿದ ಅವ್ವ ಹಿಂದಿನಿಂದ ಹೇಳುತ್ತಾಳೆ: "ಅದಲ್ಲವಾ ಕೆಂಚೀ, ಇನ್ನೊಂದು."